ಡ್ಯೂರರನ ಮನೆಯೊಡತಿ

ದೊಡ್ಡವರ ಮನೆ ನೋಡಲು ಹೋಗುವುದರಲ್ಲಿ ಸಣ್ಣದೊಂದು ಲಜ್ಜೆಗೇಡಿತನ ಇದೆ. ಯಜಮಾನ ತೀರಿಕೊಂಡು ನೂರಾರು ವರ್ಷ ಆಗಿರುತ್ತದೆ. ಆಗಿರುವುದರಿಂದಲೇ ನಮಗೆ ಒಳಗೆ ಪ್ರವೇಶ. ಅವನು ಬದುಕಿದ್ದಾಗ ನಮ್ಮಂಥವರು ಹೋಗಿದ್ದರೆ ಕೆಲಸದ ಹುಡುಗ ಬಾಗಿಲಲ್ಲೇ ನಿಲ್ಲಿಸಿ, ಏನು ಬೇಕಿತ್ತು ಎಂದು ಕೇಳಿ, ಅಲ್ಲಿಂದಲೇ ಸಾಗಹಾಕುತ್ತಿದ್ದ. ಈಗ ಟಿಕೆಟ್ಟು ಕೊಂಡರೆ ಸಾಕು. ಅಡುಗೆಮನೆಯಲ್ಲಿ ಇಣುಕಬಹುದು, ಕೋಣೆಯ ಮಧ್ಯೆ ನಿಂತು ಕಿಟಕಿ ಚಿಕ್ಕದಾಯಿತು ಎನ್ನಬಹುದು, ಕಕ್ಕಸು ಎಲ್ಲಿತ್ತು ಎಂದು ವಿಚಾರಿಸಬಹುದು. ಪಕ್ಕದ ಮನೆಯಲ್ಲಿ ಮಾಡಲು ಧೈರ್ಯ ಬಾರದ್ದನ್ನೆಲ್ಲ ಜಗತ್ಪ್ರಸಿದ್ಧರ ಮನೆಯಲ್ಲಿ ಮಾಡಿ ಬರುತ್ತೇವೆ, ಅದಕ್ಕೆ ಸಂಸ್ಕೃತಿಯ ಆಸಕ್ತಿ ಎಂಬ ಹೆಸರು ಬೇರೆ.

ಮಗಳು, ಅಳಿಯ ಇರುವುದು ಜರ್ಮನಿಯ ಎರ್ಲಾಂಗನ್‌ನಲ್ಲಿ. ಆ ಊರಿಗೂ ಬೆಂಗಳೂರಿಗೂ ಕಂಪನಿಗಳ ಮೂಲಕ ನಂಟು ಇರುವುದರಿಂದ ಅಲ್ಲಿನ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ಹೌಹಾರುವುದಿಲ್ಲ. ಅಲ್ಲಿಂದ ನ್ಯೂರೆಂಬರ್ಗಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ನನ್ನ ತಲೆಮಾರಿನವರಿಗೆ ನ್ಯೂರೆಂಬರ್ಗ್ ಎಂದರೆ ನಾತ್ಸಿಗಳ ಮೆರವಣಿಗೆ, 1935ರ ಯೆಹೂದಿ ವಿರೋಧಿ ಕಾನೂನು, ಯುದ್ಧ ಮುಗಿದ ಮೇಲೆ ಅಲ್ಲಿಯೇ ನಡೆದ ವಿಚಾರಣೆ. ಅಳಿಯ ಅವನ್ನೇ ತೋರಿಸಬೇಕೆಂದು ಪಟ್ಟಿ ಮಾಡಿದ್ದರು. ‘ಅತ್ತೆ, ಕೋರ್ಟ್ ಹಾಲ್ ಇವತ್ತು ತೆರೆದಿದೆ’ ಅಂದರು. ನನಗೆ ಮೊದಲು ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನ ಮನೆ ಆಗಬೇಕಿತ್ತು. ಚಿಕ್ಕಂದಿನಲ್ಲಿ ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ ಅವನ ಮೊಲ ತಲೆಯಲ್ಲಿ ಕೂತುಬಿಟ್ಟಿತ್ತು. 1502ರಲ್ಲಿ ಬರೆದ, ಒಂದೊಂದು ಕೂದಲೂ ಎಣಿಸಬಹುದೇನೋ ಅನ್ನಿಸುವ ಮೊಲ. ‘ಮೊಲ ವಿಯೆನ್ನಾದಲ್ಲಿದೆ’ ಎಂದು ಅಳಿಯ ಫೋನು ನೋಡಿ ಹೇಳಿದರು. ಇರಲಿ, ಮೊಲ ಬರೆದವನ ಮನೆಯಾದರೂ ಇಲ್ಲಿದೆಯಲ್ಲ.

ರೈಲು ನಿಲ್ದಾಣ ಹಳೇ ಊರಿನ ದಕ್ಷಿಣದ ತುದಿಯಲ್ಲಿ, ಮನೆ ವಾಯವ್ಯದ ಮೂಲೆಯಲ್ಲಿ, ಕೋಟೆಯ ಬುಡಕ್ಕೆ. ಹೀಗಾಗಿ ಊರನ್ನು ಪೂರ್ತಿ ಅಡ್ಡ ಹಾಯಲೇಬೇಕು. ಕಲ್ಲುಹಾಸಿನ ಬೀದಿ, ಮೊಣಕಾಲಿಗೆ ಅದರದೇ ಅಭಿಪ್ರಾಯ. ಲೊರೆಂಟ್ಸ್ ಚರ್ಚು ದಾಟಿ, ಪೆಗ್ನಿಟ್ಸ್ ಹೊಳೆ ದಾಟಿ, ಸಂತೆಯ ಚೌಕ ದಾಟಿದ ಮೇಲೆ ಏರು ಶುರುವಾಗುತ್ತದೆ. ಕಡಿದಾದ ಕೆಂಪು ಹೆಂಚಿನ ಮಾಡು, ಅದರಲ್ಲಿ ಸಾಲು ಸಾಲು ಪುಟ್ಟ ಕಿಟಕಿ, ಸುತ್ತ ಸುಮಾರು ಐದು ಕಿಲೋಮೀಟರಿನ ಕೋಟೆಗೋಡೆ. ನೋಡಿದರೆ ಐನೂರು ವರ್ಷದಿಂದ ಯಾರೂ ಕೈಯಾಡಿಸಿಲ್ಲ ಅನ್ನಿಸಬೇಕು. ನಿಜದಲ್ಲಿ 1945ರ ಜನವರಿ 2ರ ರಾತ್ರಿ ಬಿದ್ದ ಬಾಂಬುಗಳಿಗೆ ಈ ಹಳೇ ಊರಿನ ನೂರಕ್ಕೆ 90ರಷ್ಟು ಭಾಗ ಪುಡಿಯಾಗಿತ್ತು. ನಾವು ನಡೆಯುತ್ತಿದ್ದ ಬೀದಿಯ ಬಹುಪಾಲು ಮನೆಗಳಿಗೆ ನನಗಿಂತ ಹೆಚ್ಚು ವಯಸ್ಸಾಗಿಲ್ಲ. ಹಳೇ ಬೀದಿಗಳ ತಿರುವು ಉಳಿಸಿ, ಚರ್ಚುಗಳನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತಿ, ಉಳಿದದ್ದನ್ನು ಹಳೆಯದಕ್ಕೆ ಒಪ್ಪುವ ಹಾಗೆ ಕಟ್ಟಿಕೊಂಡ ಊರು ಇದು. ಮೋಸ ಎನ್ನಲು ಮನಸ್ಸು ಬರಲಿಲ್ಲ. ಸುಟ್ಟುಹೋದ ಮನೆಯನ್ನು ಮತ್ತೆ ಕಟ್ಟುವಾಗ ಮೊದಲಿನ ಹಾಗೇ ಇರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ?

ಏರು ಮುಗಿಯುವಲ್ಲಿ ಟಿಯರ್‌ಗೆರ್ಟ್ನರ್ ದ್ವಾರ, ಅದರ ಮುಂದೆ ಒಂದು ಚೌಕ. ಚೌಕದಲ್ಲಿ ಕೂತಿದೆ ಕಂಚಿನದೊಂದು ಮೊಲ. 1984ರಲ್ಲಿ ಯುರ್ಗನ್ ಗೋರ್ಟ್ಸ್ ಎಂಬ ಶಿಲ್ಪಿ ಡ್ಯೂರರನ ಗೌರವಾರ್ಥ ಮಾಡಿದ್ದಂತೆ. ಊದಿಕೊಂಡ ಮೈ, ಹೆದರಿಕೆ ಹುಟ್ಟಿಸುವ ಕಣ್ಣು, ಮೈಯಿಂದ ಏನೇನೋ ಹೊರಗೆ ಬರುತ್ತಿದೆ. ಡ್ಯೂರರನ ಮೊಲವನ್ನು ಜಗತ್ತು ಪೋಸ್ಟ್ ಕಾರ್ಡು, ಲೋಟ, ಛತ್ರಿಗಳ ಮೇಲೆ ಅಚ್ಚು ಹಾಕಿ ಹಾಕಿ ಸಾಕುಪ್ರಾಣಿ ಮಾಡಿದ್ದಕ್ಕೆ ಶಿಲ್ಪಿ ಸಿಟ್ಟಾಗಿದ್ದಿರಬೇಕು ಎಂದುಕೊಂಡೆ. ಒಂದು ಮಗು ಅದನ್ನು ನೋಡಿ ಅಳುತ್ತಿತ್ತು; ಅದರ ಅಪ್ಪ ಫೋಟೋ ತೆಗೆಯುತ್ತಿದ್ದ.

ಮನೆ ಇರುವುದು ಆ ಚೌಕಕ್ಕೆ ಮುಖ ಮಾಡಿ. 1420ರ ಸುಮಾರಿಗೆ ಕಟ್ಟಿದ್ದು. ಕೆಳಗಿನ ಎರಡು ಅಂತಸ್ತು ಮರಳುಗಲ್ಲು, ಮೇಲಿನವು ಮರದ ಚೌಕಟ್ಟಿನವು, ಅದರ ಮೇಲೆ ಎತ್ತರದ ಮಾಡು. ಡ್ಯೂರರ್ ಇದನ್ನು ಕೊಂಡದ್ದು 1509ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ. ಸತ್ತದ್ದು 1528ರ ಏಪ್ರಿಲ್‌ನಲ್ಲಿ. ಅಂದರೆ ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷ ಇವನು ಮನೆ ಕೊಂಡ, ರಾಯ ತೀರಿಕೊಳ್ಳುವ ಹಿಂದಿನ ವರ್ಷ ಇವನು ಹೋದ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ನಡುವೆ ಒಂದು ಮೆಣಸಿನ ದಾರಿ ಇತ್ತು; ಅದಕ್ಕೆ ಆಮೇಲೆ ಬರುತ್ತೇನೆ.

ಡ್ಯೂರರನಿಗಿಂತ ಮುಂಚೆ ಈ ಮನೆಯಲ್ಲಿದ್ದವನು ಬೆರ್ನ್‌ಹಾರ್ಡ್ ವಾಲ್ಟರ್ ಎಂಬ ವ್ಯಾಪಾರಿ. ಹಗಲು ವ್ಯಾಪಾರ, ರಾತ್ರಿ ನಕ್ಷತ್ರ. ದೊಡ್ಡ ಖಗೋಳಜ್ಞ ರೆಗಿಯೊಮೊಂಟಾನಸನ ಶಿಷ್ಯ ಅವನು. ದಕ್ಷಿಣದ ಮಾಡಿನ ಗೋಡೆಯಲ್ಲಿ ಕಿಟಕಿ ಕೊರೆಸಿ ಗ್ರಹ ನೋಡುತ್ತಿದ್ದ. ಈ ಊರಿನಲ್ಲಿ ವರ್ಷಗಟ್ಟಲೆ ಬರೆದಿಟ್ಟ ಬುಧಗ್ರಹದ ಲೆಕ್ಕ ಮುಂದೆ ಕೊಪರ್ನಿಕಸನಿಗೆ ಒದಗಿತು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದ ಆ ಪುಸ್ತಕ 1543ರಲ್ಲಿ ಅಚ್ಚಾದದ್ದೂ ಇದೇ ನ್ಯೂರೆಂಬರ್ಗಿನಲ್ಲಿ. ನಕ್ಷತ್ರ ನೋಡುವವನ ಮನೆಗೆ ಬಂದ ಡ್ಯೂರರನೂ 1515ರಲ್ಲಿ ಇಬ್ಬರು ವಿದ್ವಾಂಸರ ಜೊತೆ ಸೇರಿ ಉತ್ತರ ದಕ್ಷಿಣ ಆಕಾಶಗಳ ನಕಾಶೆ ಮರದಚ್ಚಿನಲ್ಲಿ ತಂದ. ಯುರೋಪಿನಲ್ಲಿ ಅಚ್ಚಾದ ಮೊದಲ ನಕ್ಷತ್ರಪಟಗಳು ಅವು. ಮನೆಗೂ ಒಂದು ವಾಸನೆ ಇರುತ್ತದೆ, ಬಂದವರಿಗೆ ಅಂಟುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅವರು ಹೇಳುತ್ತಿದ್ದದ್ದು ಬಾಡಿಗೆದಾರರ ವಿಚಾರವಾಗಿ.

ಒಳಗೆ ನಮ್ಮನ್ನು ಎದುರುಗೊಂಡದ್ದು ಮನೆಯೊಡತಿ. ತಲೆಗೆ ಬಿಳಿ ವಸ್ತ್ರ ಸುತ್ತಿ, ಉದ್ದನೆಯ ಲಂಗ ತೊಟ್ಟು, ಸೊಂಟದಲ್ಲಿ ಬೀಗದ ಕೈಗೊಂಚಲು ಮತ್ತು ಒಂದು ಚರ್ಮದ ಚೀಲ ತೂಗಿಬಿಟ್ಟ ನಟಿ. ‘ನಾನು ಆಗ್ನೆಸ್, ಡ್ಯೂರರನ ಹೆಂಡತಿ’ ಎಂದು ಇಂಗ್ಲಿಷಿನಲ್ಲಿ ಸ್ವಾಗತಿಸಿದಳು. ಈ ಮನೆಯನ್ನು ತೋರಿಸಲು ಅವರು ಕಂಡುಕೊಂಡ ಉಪಾಯ ಇದು. ಕಲಾ ಇತಿಹಾಸಕಾರನ ಬದಲು ಹೆಂಡತಿಯ ಕೈಗೆ ಬೀಗದ ಕೈ ಕೊಟ್ಟುಬಿಟ್ಟಿದ್ದಾರೆ. ಗುಂಪಿನಲ್ಲೊಬ್ಬರು ತಮಾಷೆಗೆ ‘ಯಜಮಾನರು ಮನೆಯಲ್ಲಿದ್ದಾರಾ’ ಎಂದು ಕೇಳಿದರು. ‘ಗೆಳೆಯ ಪಿರ್ಕ್‌ಹೈಮರನ ಮನೆಗೆ ಹೋಗಿದ್ದಾರೆ, ಇನ್ನೆಲ್ಲಿಗೆ ಹೋಗುತ್ತಾರೆ’ ಎಂದಳು. ದನಿಯಲ್ಲಿ ಐನೂರು ವರ್ಷದ ಬೇಸರ ಇತ್ತು. ಆ ಕ್ಷಣಕ್ಕೆ ನನಗೆ ಅವಳು ನಟಿ ಎಂಬುದು ಮರೆಯಿತು.

ಮೊದಲು ಕರೆದೊಯ್ದದ್ದು ಅಡುಗೆಮನೆಗೆ. ಕಟ್ಟೆಯ ಮೇಲೆ ತೆರೆದ ಒಲೆ, ಮೇಲೆ ಹೊಗೆ ಹಿಡಿಯುವ ದೊಡ್ಡ ಬಾಯಿ, ತೂಗುಹಾಕಿದ ಪಾತ್ರೆ, ಗೋಡೆಗೆ ಕರಿ. ಮಲೆನಾಡಿನ ನಮ್ಮ ಅಜ್ಜಿಯ ಅಡುಗೆಮನೆಯನ್ನು ಎತ್ತಿ ತಂದು ಇಟ್ಟ ಹಾಗಿತ್ತು. ಇಲ್ಲದಿದ್ದದ್ದು ಒರಳುಕಲ್ಲು ಒಂದೇ. ಮಗಳು ‘ಎಷ್ಟು ಚೆನ್ನಾಗಿದೆ ಅಲ್ವಾ ಅಮ್ಮಾ’ ಅಂದಳು. ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡವರ ಬಾಯಲ್ಲಿ ಈ ಮಾತು ಬರುವುದಿಲ್ಲ. ಈ ಮನೆಯಲ್ಲಿ ಉಣ್ಣುವವರು ಗಂಡ ಹೆಂಡತಿ ಇಬ್ಬರೇ ಆಗಿರಲಿಲ್ಲ. ಮಕ್ಕಳಿರಲಿಲ್ಲ ನಿಜ. ಆದರೆ ಅತ್ತೆ ಇದ್ದಳು, ಶಿಷ್ಯರಿದ್ದರು, ಕೆಲಸದವಳಿದ್ದಳು, ಬಂದುಹೋಗುವ ವ್ಯಾಪಾರಿಗಳಿದ್ದರು.

ಆಗ್ನೆಸ್ ಮತ್ತು ಡ್ಯೂರರನ ಮದುವೆಯ ಕಥೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಕಸುಬು ಕಲಿಯಲು ದೇಶ ಸುತ್ತುತ್ತಿದ್ದಾಗ ಇತ್ತ ಅಪ್ಪ ಹೆಣ್ಣು ಗೊತ್ತು ಮಾಡಿದ. ಹುಡುಗ ಊರಿಗೆ ಬಂದ, 1494ರ ಜುಲೈನಲ್ಲಿ ಮದುವೆ ಆಯಿತು. ಮಾವ ಹಾನ್ಸ್ ಫ್ರೈ 200 ಗುಲ್ಡನ್ ನಾಣ್ಯ ಕೊಟ್ಟ ಎಂದು ಅಳಿಯನೇ ಮನೆತನದ ದಫ್ತರದಲ್ಲಿ ಬರೆದಿಟ್ಟಿದ್ದಾನೆ. ಕೆಲವೇ ತಿಂಗಳಲ್ಲಿ ಅಳಿಯ ಹೆಂಡತಿಯನ್ನು ಬಿಟ್ಟು ಇಟಲಿಗೆ ಹೊರಟ. ಆ ವರ್ಷವೇ ಗೀಚಿದ ಅವಳ ಚಿಕ್ಕ ಚಿತ್ರವೊಂದಿದೆ. ಮೇಜಿನ ಮೇಲೆ ಮೊಣಕೈ ಊರಿ, ಬಾಯಿಗೆ ಕೈ ಒತ್ತಿ, ಹುಡುಗಿ ತೂಕಡಿಸುತ್ತಿದ್ದಾಳೆ. ಕೆಳಗೆ ‘ನನ್ನ ಆಗ್ನೆಸ್’ ಎಂದು ಅವನದೇ ಕೈಬರಹ. ಮನೆಯ ಕೆಲಸ ಮುಗಿಸಿ ಕೂತ ಗಳಿಗೆಯಲ್ಲಿ ಅವಳಿಗೆ ಗೊತ್ತಿಲ್ಲದೆ ಬರೆದದ್ದಿರಬೇಕು.

ನಮ್ಮ ಅಳಿಯಂದಿರ ತಕರಾರು ಶುರುವಾದದ್ದು ಚಿತ್ರಗಳ ಕೋಣೆಯಲ್ಲಿ. ಗೋಡೆ ತುಂಬ ಡ್ಯೂರರನ ಪ್ರಸಿದ್ಧ ವರ್ಣಚಿತ್ರಗಳು. ಒಂದೂ ಅವನ ಕೈಯದಲ್ಲ. ಎಲ್ಲ ನಂತರದ ಶತಮಾನಗಳಲ್ಲಿ ಬೇರೆಯವರು ನೋಡಿ ಬರೆದ ಪ್ರತಿಗಳು. ‘ಅತ್ತೆ, ಒರಿಜಿನಲ್ ಒಂದೂ ಇಲ್ವಲ್ಲ. ಇದಕ್ಕೆ ಇಲ್ಲಿಗೆ ಬರಬೇಕಿತ್ತಾ?’ ಎಂದರು ಮೆಲ್ಲಗೆ, ಆಗ್ನೆಸ್ಸಿಗೆ ಕನ್ನಡ ಬಂದುಬಿಟ್ಟರೆ ಎಂಬ ಹಾಗೆ. ಅವರ ಮಾತು ಸುಳ್ಳಲ್ಲ. ಊರಿನ ಬೇರೊಂದು ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಅವನ ಗುರು ವೋಲ್ಗೆಮುಟ್‌ನ ಮುದಿ ಮುಖವೂ ತಾಯಿಯ ಭಾವಚಿತ್ರವೂ ಇವೆ. ಉಳಿದವು ಮ್ಯೂನಿಕ್, ವಿಯೆನ್ನಾ, ಮಾಡ್ರಿಡ್ ಎಂದು ಹಂಚಿಹೋಗಿವೆ. ಹೋದ ರೀತಿಯೂ ಸ್ವಾರಸ್ಯದ್ದೇ. 1526ರಲ್ಲಿ ಅವನು ‘ನಾಲ್ವರು ಅಪೊಸ್ತಲರು’ ಎಂಬ ದೊಡ್ಡ ಚಿತ್ರಜೋಡಿಯನ್ನು ತನ್ನ ಊರಿನ ನಗರಸಭೆಗೆ ಕಾಣಿಕೆ ಕೊಟ್ಟ. ನೂರು ವರ್ಷದ ಮೇಲೆ, 1627ರಲ್ಲಿ, ಬವೇರಿಯದ ಅರಸ ಮ್ಯಾಕ್ಸಿಮಿಲಿಯನ್ ಅದು ತನಗೆ ಬೇಕೆಂದ. ಬಲಿಷ್ಠನಿಗೆ ಇಲ್ಲ ಎನ್ನುವುದು ಹೇಗೆ? ಊರಿನವರು ಅಸಲಿನ ಜೊತೆ ಪ್ರತಿಯನ್ನೂ ಕಳಿಸಿಕೊಟ್ಟರು. ಚಿತ್ರದ ಕೆಳಗೆ ಲೂಥರನ ಅನುವಾದದ ಬೈಬಲ್ ಸಾಲುಗಳು ಇದ್ದವು. ಕಟ್ಟಾ ಕ್ಯಾಥೊಲಿಕ್ ಅರಸನಿಗೆ ಅವು ಮೆಣಸಿನಕಾಯಿ ಆಗಿ ಅವನು ಪ್ರತಿಯನ್ನೇ ಇಟ್ಟುಕೊಂಡು ಅಸಲನ್ನು ಹಿಂದಕ್ಕೆ ಕಳಿಸಿಯಾನು ಎಂಬುದು ಅವರ ಲೆಕ್ಕ. ಅರಸ ಗರಗಸ ತರಿಸಿದ. ಸಾಲುಗಳಿದ್ದ ಹಲಗೆಯನ್ನು ಕೊಯ್ಯಿಸಿ ಪ್ರತಿಯ ಜೊತೆ ವಾಪಸು ಕಳಿಸಿ, ಚಿತ್ರವನ್ನು ತಾನು ಇಟ್ಟುಕೊಂಡ. ಕೊಯ್ದ ತುಂಡು ಚಿತ್ರಕ್ಕೆ ಮತ್ತೆ ಕೂಡಿದ್ದು 1922ರಲ್ಲಿ, ಅದೂ ಮ್ಯೂನಿಕ್‌ನಲ್ಲೇ.

ಆದರೆ ಪ್ರತಿ ಎಂದು ಮೂಗು ಮುರಿಯುವ ಮುಂಚೆ ಈ ಮನುಷ್ಯ ಹೊಟ್ಟೆ ಹೊರೆದದ್ದು ಯಾವುದರಿಂದ ಎಂದು ನೋಡಬೇಕು. ಅದಕ್ಕೆ ಕೆಲಸದ ಕೋಣೆಗೆ ಬರಬೇಕು. ದೊಡ್ಡ ಕಿಟಕಿ, ಬಟ್ಟಲುಗಳಲ್ಲಿ ಬಣ್ಣದ ಪುಡಿ, ಹಳೇ ಮಾದರಿಯ ಅಚ್ಚಿನ ಯಂತ್ರ. ಒಬ್ಬರು ತಾಮ್ರದ ತಗಡಿಗೆ ಮಸಿ ಬಳಿದು, ಬಟ್ಟೆಯಿಂದ ಒರೆಸಿ, ಅಂಗೈಯಿಂದ ಮತ್ತೊಮ್ಮೆ ಒರೆಸಿ ತೋರಿಸಿದರು. ಮೇಲಿನ ಮಸಿ ಹೋಗುತ್ತದೆ, ಉಳಿಯಿಂದ ಕೊರೆದ ಗೀರಿನೊಳಗಿನದು ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದ ಅದರ ಮೇಲಿಟ್ಟು ಉರುಳೆಗಳ ನಡುವೆ ಎಳೆದರೆ ಕಾಗದ ಆ ಗೀರಿನೊಳಕ್ಕೆ ನುಗ್ಗಿ ಮಸಿ ಹೀರಿಕೊಂಡು ಬರುತ್ತದೆ. ಮರದಚ್ಚಿನದು ಇದಕ್ಕೆ ತಿರುಗಾಮುರುಗಾ. ಬೇಡವಾದ ಮರವನ್ನು ಕೆತ್ತಿ ತೆಗೆದು ಗೆರೆಯನ್ನು ಎತ್ತರದಲ್ಲಿ ಉಳಿಸಬೇಕು. ಡ್ಯೂರರ್ ಗೆರೆ ಎಳೆದುಕೊಟ್ಟದ್ದನ್ನು ಕೆತ್ತಲು ಕಸುಬಿನವರಿದ್ದರು. ತಾಮ್ರ ಮಾತ್ರ ಅವನದೇ ಕೈ. ಕಾಗದ ಎತ್ತಿ ಹಿಡಿದಾಗ ಎಲ್ಲರ ಬಾಯಿಂದ ಒಂದು ಸಣ್ಣ ಉದ್ಗಾರ ಬಂತು. ಅಳಿಯಂದಿರೂ ಬಗ್ಗಿ ನೋಡಿದರು.

ಈ ಮನೆ ಕೊಂಡ 1509ರಲ್ಲೇ ಅವನು ಫ್ರಾಂಕ್‌ಫರ್ಟಿನ ವ್ಯಾಪಾರಿ ಯಾಕೋಬ್ ಹೆಲ್ಲರ್‌ಗಾಗಿ ಒಂದು ದೊಡ್ಡ ಪೀಠಚಿತ್ರ ಮುಗಿಸಿದ. 130 ಗುಲ್ಡನ್‌ಗೆ ಒಪ್ಪಿದ್ದು 200ಕ್ಕೆ ಏರಿತು. ನಡುವೆ ಪತ್ರಗಳಲ್ಲಿ ಜಗಳವೋ ಜಗಳ. ಬಣ್ಣದ ಬೆಲೆ, ಅದರಲ್ಲೂ ಅಫ್ಘಾನಿಸ್ತಾನದ ಗಣಿಯಿಂದ ಬರುವ ನೀಲಿಯ ಬೆಲೆ, ತಿಂಗಳುಗಟ್ಟಲೆ ಕೂತದ್ದು, ಎಲ್ಲವನ್ನೂ ಅವನು ಲೆಕ್ಕ ಹಾಕಿ ತೋರಿಸುತ್ತಾನೆ. ಕಡೆಗೆ, ಇಂಥ ನಾಜೂಕು ಚಿತ್ರ ಬಿಟ್ಟು ಕೊರೆಯುವ ಕೆಲಸವನ್ನೇ ಮಾಡಿದ್ದರೆ ಈ ಹೊತ್ತಿಗೆ ಸಾವಿರ ಗುಲ್ಡನ್ ಸಾಹುಕಾರ ಆಗಿರುತ್ತಿದ್ದೆ ಎಂಬರ್ಥದ ಮಾತು ಬರೆದ. ಮುಂದೆ ಹಾಗೇ ಮಾಡಿದ ಕೂಡ. ಆ ಪೀಠಚಿತ್ರದ ನಡುಭಾಗ ಮ್ಯೂನಿಕ್ಕಿನ ಅರಮನೆಯಲ್ಲಿ 1729ರಲ್ಲಿ ಸುಟ್ಟುಹೋಯಿತು. ಸಾವಿರ ಕಡೆ ಹಂಚಿಹೋದ ಕಾಗದದ ಚಿತ್ರಗಳನ್ನು ಯಾವ ಬೆಂಕಿ ಸುಟ್ಟು ಮುಗಿಸುತ್ತದೆ? ಹೀಗಾಗಿ ಅವನ ಮನೆಯಲ್ಲಿ ಪ್ರತಿಗಳನ್ನು ತೂಗುಹಾಕಿದ್ದರಲ್ಲಿ ನನಗೆ ಅವಮಾನವೇನೂ ಕಾಣಲಿಲ್ಲ. ಒಂದರಂತೆ ನೂರು ತೆಗೆದು ಬದುಕಿದವನ ಮನೆ ಇದು.

ನೂರು ತೆಗೆದರೆ ನೂರನ್ನೂ ಮಾರಬೇಕಲ್ಲ. ಅಲ್ಲಿ ಬರುತ್ತಾಳೆ ಆಗ್ನೆಸ್. ಚಿತ್ರಗಳ ಕಟ್ಟು ಹೊತ್ತು ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗಿ ಮಾರಿ ಬರುತ್ತಿದ್ದವಳು ಅವಳು. ನ್ಯೂರೆಂಬರ್ಗಿನ ಚೌಕದಲ್ಲಿ ವರ್ಷಕ್ಕೊಮ್ಮೆ ಸಾಮ್ರಾಜ್ಯದ ಪವಿತ್ರ ವಸ್ತುಗಳನ್ನು ಜನರಿಗೆ ತೋರಿಸುವಾಗ ನೆರೆಯುತ್ತಿದ್ದ ಜನಸಂದಣಿಯಲ್ಲಿ ಅಂಗಡಿ ಹಾಕುತ್ತಿದ್ದವಳು ಅವನ ತಾಯಿ. ಅತ್ತೆ ಊರಿನ ಜಾತ್ರೆಗೆ, ಸೊಸೆ ಪರ ಊರಿನ ಜಾತ್ರೆಗೆ. ಮಗ ವೆನಿಸ್ಸಿನಲ್ಲಿ ಬಣ್ಣ ಕಲೆಸುತ್ತ, ಇಲ್ಲಿ ನನ್ನನ್ನು ದೊಡ್ಡ ಮನುಷ್ಯನ ಹಾಗೆ ನೋಡುತ್ತಾರೆ ಎಂದು ಗೆಳೆಯನಿಗೆ ಕಾಗದ ಬರೆಯುತ್ತ. ಕಳ್ಳಪ್ರತಿಗಳ ಕಾಟವೂ ಆಗಲೇ ಇತ್ತು. ಅವನ ಎ, ಡಿ ಅಕ್ಷರಗಳ ಗುರುತನ್ನೇ ಕದ್ದು ಹಾಕಿದ ಚಿತ್ರಗಳನ್ನು ಯಾರೋ ಪರದೇಶಿ ನಗರಸಭೆಯ ಕಟ್ಟಡದ ಬುಡದಲ್ಲೇ ಮಾರುತ್ತಿದ್ದಾನೆಂದು 1512ರ ನಗರಸಭೆಯ ದಾಖಲೆ ಹೇಳುತ್ತದೆ. ಗುರುತು ತೆಗೆದು ಮಾರು, ಇಲ್ಲದಿದ್ದರೆ ಮಾಲು ಜಪ್ತಿ ಎಂದು ಸಭೆ ಅಪ್ಪಣೆ ಮಾಡಿತು. ನಕಲು ಮಾಡಬೇಡ ಎಂದು ಹೇಳಲಿಲ್ಲ, ಗಮನಿಸಿ. ಹೆಸರು ಹಾಕಬೇಡ ಎಂದಷ್ಟೇ.

ಇನ್ನು ಮೆಣಸಿನ ದಾರಿ. ಅಂಗಡಿಯಲ್ಲಿ ಮಾರುವ ಅವನ ಖಡ್ಗಮೃಗದ ಚಿತ್ರದ ಮುಂದೆ ನಾನು ಸ್ವಲ್ಪ ಹೆಚ್ಚೇ ನಿಂತೆ. ಮೈಮೇಲೆ ಕಮ್ಮಾರ ಬಡಿದು ಕೂರಿಸಿದಂಥ ಕವಚ, ಕಾಲಿಗೆ ಹುರುಪೆ, ಭುಜದ ಮೇಲೆ ಯಾವ ಖಡ್ಗಮೃಗಕ್ಕೂ ಇಲ್ಲದ ಇನ್ನೊಂದು ಪುಟ್ಟ ಕೊಂಬು. ಈ ಪ್ರಾಣಿ ನಮ್ಮ ಕಡೆಯದು. ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಷಾ ಕೊಟ್ಟದ್ದನ್ನು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾದಿಂದ ಹಡಗು ಹತ್ತಿಸಿದ. ಆ ಗೋವಾ ಐದು ವರ್ಷ ಹಿಂದಿನವರೆಗೆ ಬಿಜಾಪುರದ ಆದಿಲಶಾಹಿಯದಾಗಿತ್ತು, ಅದನ್ನು ಹಿಡಿಯಲು ಪೋರ್ಚುಗೀಸರನ್ನು ಹುರಿದುಂಬಿಸಿದವನು ಹೊನ್ನಾವರದ ತಿಮ್ಮಯ್ಯ. 1515ರ ಮೇ 20ರಂದು ಮೃಗ ಲಿಸ್ಬನ್ ಸೇರಿತು. ರೋಮನರ ಕಾಲದ ನಂತರ ಯುರೋಪು ಅಂಥದ್ದನ್ನು ಕಂಡಿರಲಿಲ್ಲ. ಲಿಸ್ಬನ್ನಿನಿಂದ ವಿವರದ ಕಾಗದವೂ ಒಂದು ರೇಖಾಚಿತ್ರವೂ ನ್ಯೂರೆಂಬರ್ಗಿನ ವ್ಯಾಪಾರಿಗಳಿಗೆ ಬಂದವು, ಅವನ್ನು ನೋಡಿ ಡ್ಯೂರರ್ ಮರದಚ್ಚು ತಯಾರಿಸಿದ. ಮೃಗವನ್ನು ಅವನು ಎಂದೂ ನೋಡಲಿಲ್ಲ. ಪೋಪನಿಗೆ ಉಡುಗೊರೆಯಾಗಿ ಹೊರಟ ಅದು ಮರುವರ್ಷ ಇಟಲಿಯ ಕರಾವಳಿಯ ಹತ್ತಿರ ಹಡಗು ಮುಳುಗಿ ಸತ್ತಿತು. ಆಗ್ಸ್‌ಬರ್ಗಿನ ಬುರ್ಗ್‌ಮೈರ್ ಎಂಬ ಕಲಾವಿದ 1515ರಲ್ಲೇ ಬರೆದ ಖಡ್ಗಮೃಗ ಇದಕ್ಕಿಂತ ನಿಜಕ್ಕೆ ಹತ್ತಿರ. ಅದರ ಒಂದೇ ಒಂದು ಪ್ರತಿ ಉಳಿದಿದೆ. ಡ್ಯೂರರನ ಕವಚದ ಮೃಗವನ್ನು ಯುರೋಪು ಇನ್ನೂರು ವರ್ಷಕ್ಕೂ ಮಿಕ್ಕಿ ಸತ್ಯವೆಂದು ನಂಬಿತು.

ಲಿಸ್ಬನ್ನಿನ ಕಾಗದ ಚಿತ್ರಕಾರನ ಊರಿಗೆ ಬಂದದ್ದೇಕೆ ಎಂದರೆ, ದುಡ್ಡು ಇಲ್ಲಿಂದ ಅಲ್ಲಿಗೆ ಹೋಗಿತ್ತು. 1505ರಲ್ಲಿ ಪೋರ್ಚುಗೀಸ್ ನಾಯಕ ಅಲ್ಮೇಡನ ಹಡಗುಪಡೆ ಭಾರತಕ್ಕೆ ಹೊರಟಾಗ ಅದರಲ್ಲಿ ಬಂಡವಾಳ ಹಾಕಿದ ಜರ್ಮನ್ ವ್ಯಾಪಾರಿಗಳಲ್ಲಿ ನ್ಯೂರೆಂಬರ್ಗಿನ ಇಮ್‌ಹೋಫ್, ಹಿರ್ಷ್‌ಫೋಗೆಲ್ ಮನೆತನಗಳಿದ್ದವು. ಲಾಭ ಮೆಣಸಿನದು. ಅದೇ ಪಡೆ ಆ ವರ್ಷದ ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ಬಿದ್ದು ಹಡಗುಗಳಿಗೆ ಬೆಂಕಿ ಇಟ್ಟಿತು. ಈಗಲೂ ಈ ಊರಿನ ಹೆಮ್ಮೆಯ ತಿಂಡಿ ಎಂದು ಲೇಬ್‌ಕೂಖನ್ ಎಂಬ ಬಿಸ್ಕತ್ತಿನಂಥದ್ದನ್ನು ಮಾರುತ್ತಾರೆ. ದಾಲ್ಚಿನ್ನಿ, ಲವಂಗ, ಏಲಕ್ಕಿ ಹಾಕಿದ್ದು. ರುಚಿಯಾಗಿದೆ. ತಿನ್ನುವಾಗ ಹೊನ್ನಾವರ ನೆನಪಾಗದಿದ್ದರೆ ಇನ್ನೂ ರುಚಿಯಾಗಿರುತ್ತಿತ್ತು.

1514 ಈ ಮನೆಗೆ ಕೆಟ್ಟ ವರ್ಷ. ಮಾರ್ಚಿನಲ್ಲಿ ಡ್ಯೂರರ್ ತಾಯಿಯನ್ನು ಇದ್ದಿಲಿನಲ್ಲಿ ಬರೆದ. ಹದಿನೆಂಟು ಹೆತ್ತು ಮೂರನ್ನು ಮಾತ್ರ ಉಳಿಸಿಕೊಂಡ ಹೆಂಗಸು. ಕತ್ತಿನ ಎಲುಬು ಎದ್ದಿವೆ, ಒಂದು ಕಣ್ಣು ಎತ್ತಲೋ ನೋಡುತ್ತಿದೆ. ಮೇನಲ್ಲಿ ತೀರಿಕೊಂಡಳು. ಆ ವರ್ಷವೇ ಬಂದದ್ದು ‘ಮೆಲಂಕೋಲಿಯಾ’ ಎಂಬ ತಾಮ್ರದಚ್ಚು. ರೆಕ್ಕೆಯ ಹೆಂಗಸೊಬ್ಬಳು ಗಲ್ಲಕ್ಕೆ ಮುಷ್ಟಿ ಕೊಟ್ಟು ಕೂತಿದ್ದಾಳೆ, ಸುತ್ತ ಗರಗಸ, ತಕ್ಕಡಿ, ಗಂಟೆ, ಹೇಗೆ ಕೂಡಿದರೂ 34 ಬರುವ ಅಂಕಿಗಳ ಚೌಕ. ಅದರ ಮೇಲೆ ಪುಸ್ತಕಗಳೇ ಬಂದಿವೆ. ಎಲ್ಲರೂ ರೆಕ್ಕೆ ನೋಡುತ್ತಾರೆ, ಅಂಕಿ ಕೂಡುತ್ತಾರೆ. ನಾನು ಅವತ್ತು ನೋಡಿದ್ದು ಸೊಂಟ. ಅವಳ ಸೊಂಟದಿಂದ ಬೀಗದ ಕೈಗೊಂಚಲು ಇಳಿಬಿದ್ದಿದೆ, ಕೆಳಗೆ ಹಣದ ಚೀಲ. ಕೈಗೊಂಚಲು ಅಂದರೆ ಅಧಿಕಾರ, ಚೀಲ ಅಂದರೆ ಸಂಪತ್ತು ಎಂದು ಡ್ಯೂರರನೇ ಒಂದು ಕರಡಿನ ಮೇಲೆ ಟಿಪ್ಪಣಿ ಬರೆದಿದ್ದಾನೆ. ನಮ್ಮ ಮುಂದೆ ನಿಂತಿದ್ದ ಆಗ್ನೆಸ್ಸಿನ ಸೊಂಟದಲ್ಲೂ ಅವೇ ಎರಡು. ಕೈಗೆ ಮುಖ ಊರಿ ತೂಕಡಿಸಿದ ಹುಡುಗಿ ಇಪ್ಪತ್ತು ವರ್ಷದ ಮೇಲೆ ಹೀಗೆ ಕಾಣುತ್ತಿದ್ದಳೇನೋ. ವಿದ್ವಾಂಸರು ಒಪ್ಪಲಿಕ್ಕಿಲ್ಲ, ಪ್ರಬಂಧ ಬರೆಯುವವರಿಗೆ ಇಷ್ಟು ಸಲುಗೆ ಇದೆ ಎಂದುಕೊಂಡಿದ್ದೇನೆ.

ಈಗ ಪಿರ್ಕ್‌ಹೈಮರನ ವಿಷಯ. ವಿಲ್ಲಿಬಾಲ್ಡ್ ಪಿರ್ಕ್‌ಹೈಮರ್ ಶ್ರೀಮಂತ, ಪಂಡಿತ, ಡ್ಯೂರರನ ಜೀವದ ಗೆಳೆಯ. ಗೆಳೆಯ ಸತ್ತ ಎರಡು ವರ್ಷಕ್ಕೆ, 1530ರಲ್ಲಿ, ಪರಿಚಿತನೊಬ್ಬನಿಗೆ ಬರೆದ ಕಾಗದದಲ್ಲಿ ಆಗ್ನೆಸ್ ಮೇಲೆ ವಿಷ ಕಾರಿಕೊಂಡ. ಅವಳು ದುಡ್ಡಿಗಾಗಿ ಗಂಡನನ್ನು ಹಗಲೂ ರಾತ್ರಿ ದುಡಿಸಿ, ಕೊರೆದು ಕೊರೆದು ಕೊಂದಳು ಎಂಬುದು ಅವನ ಆರೋಪ. ಹತ್ತೊಂಬತ್ತನೆಯ ಶತಮಾನದ ಬರಹಗಾರರಿಗೆ ಇಷ್ಟು ಸಾಕಾಯಿತು. ಮೇಧಾವಿಗೆ ಗಯ್ಯಾಳಿ ಹೆಂಡತಿ ಸಿಕ್ಕಿದರೆ ಕಥೆ ತಾನೇ ಬರೆದುಕೊಳ್ಳುತ್ತದೆ. ಅದೇ ಕಾಗದದಲ್ಲಿ ಇನ್ನೊಂದು ದೂರೂ ಇದೆ. ಡ್ಯೂರರನ ಹತ್ತಿರ ಜಿಂಕೆಕೊಂಬುಗಳ ಸಂಗ್ರಹ ಇತ್ತು, ಅದರಲ್ಲಿ ಒಂದು ಜೊತೆ ಬಹಳ ಚೆಂದ, ಅದು ತನಗೆ ಬೇಕಿತ್ತು. ಈ ಹೆಂಗಸು ಹೇಳದೆ ಕೇಳದೆ ಅಗ್ಗಕ್ಕೆ ಮಾರಿಬಿಟ್ಟಳಂತೆ. ನಾನು ಮೇಷ್ಟ್ರಾಗಿದ್ದರೆ ಆ ಕಾಗದವನ್ನು ಕೊನೆಯಿಂದ ಓದಿಸುತ್ತಿದ್ದೆ. ಗಂಡ ಸತ್ತ ಮನೆಯಿಂದ ಕೊಂಬು ಬಿಟ್ಟಿ ಸಿಗಲಿಲ್ಲ ಎಂಬ ಸಿಟ್ಟಿಗೆ ಒಬ್ಬ ಹೆಂಗಸಿನ ಹೆಸರು ಐನೂರು ವರ್ಷ ಕೆಟ್ಟಿತು.

ಗಂಡ ಹೆಂಡತಿ ಜೊತೆಯಾಗಿ ಮಾಡಿದ ದೊಡ್ಡ ಪ್ರಯಾಣ ಒಂದಿದೆ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕೊಡುತ್ತಿದ್ದ 100 ಗುಲ್ಡನ್ ವರ್ಷಾಶನ ಅವನು ಸತ್ತ ಮೇಲೆ ನಿಂತಿತು. ಹೊಸ ಚಕ್ರವರ್ತಿಯಿಂದ ಅದನ್ನು ಮತ್ತೆ ಮಂಜೂರು ಮಾಡಿಸಿಕೊಳ್ಳಲು 1520ರಲ್ಲಿ ಇಬ್ಬರೂ ಕೆಲಸದ ಹುಡುಗಿ ಸುಸಾನಾಳನ್ನು ಕರೆದುಕೊಂಡು ನೆದರ್‌ಲ್ಯಾಂಡ್ಸ್ ಕಡೆಗೆ ಹೋದರು. ಪಿಂಚಣಿ ಫೈಲಿನ ಹಿಂದೆ ಅಲೆಯುವುದು ನಮ್ಮಲ್ಲೇ ಹುಟ್ಟಿದ್ದಲ್ಲ. ಡ್ಯೂರರನ ದಿನಚರಿಯಲ್ಲಿ ಊಟದ ಖರ್ಚು, ಜೂಜಿನಲ್ಲಿ ಕಳೆದದ್ದು, ಕೊಟ್ಟ ಚಿತ್ರ, ಪಡೆದ ಉಡುಗೊರೆ ಎಲ್ಲ ಇವೆ. ಆಂಟ್ವರ್ಪಿನ ಪೋರ್ಚುಗೀಸ್ ವ್ಯಾಪಾರಿಗಳು ತೆಂಗಿನಕಾಯಿ ಕೊಟ್ಟರು, ಕಲ್ಲಿಕೋಟೆಯ ಬಟ್ಟೆ ಕೊಟ್ಟರು, ಆಗ್ನೆಸ್ಸಿಗೆ ಒಂದು ಪುಟ್ಟ ಹಸಿರು ಗಿಳಿ ಕೊಟ್ಟರು. ಗಿಳಿಗೆ ಪಂಜರ ಕೊಂಡ ಖರ್ಚೂ ಲೆಕ್ಕದಲ್ಲಿದೆ. ಮದುವೆಯಾಗಿ 27 ವರ್ಷ ಆಗಿದೆ ಎಂದು ಬರೆದು, ಆ ಕಡೆಯ ಉಡುಪಿನಲ್ಲಿ ಅವಳ ಚಿತ್ರ ತೆಗೆದದ್ದೂ ಈ ಪ್ರಯಾಣದಲ್ಲೇ. ತುಟಿ ಬಿಗಿದಿದೆ, ಕಣ್ಣು ದಣಿದಿದೆ, ಗಯ್ಯಾಳಿತನ ನನಗಂತೂ ಕಾಣಲಿಲ್ಲ. ಮಂಜೂರಾತಿ ಸಿಕ್ಕಿತು. ತೀರದಲ್ಲಿ ತಿಮಿಂಗಿಲ ಬಿದ್ದಿದೆ ಎಂದು ಕೇಳಿ ಚಳಿಗಾಲದಲ್ಲಿ ನೋಡಲು ಓಡಿದ ಗಂಡ ಮಾತ್ರ ಜ್ವರ ಹತ್ತಿಸಿಕೊಂಡು ಬಂದ. ತಿಮಿಂಗಿಲವೂ ಕಾಣಲಿಲ್ಲ, ಜ್ವರವೂ ಪೂರ್ತಿ ಬಿಡಲಿಲ್ಲ.

ಅವನು ಹೋದ ಮೇಲೆ ಇದೇ ಮನೆಯಲ್ಲಿ ಆಗ್ನೆಸ್ ಹನ್ನೊಂದು ವರ್ಷ ಇದ್ದಳು. ಮನುಷ್ಯದೇಹದ ಅಳತೆಗಳ ಬಗ್ಗೆ ಗಂಡ ಬರೆದಿಟ್ಟ ಪುಸ್ತಕವನ್ನು ಅವನು ಸತ್ತ ವರ್ಷವೇ ಅಚ್ಚು ಹಾಕಿಸಿದಳು. ಅದಕ್ಕೂ ಮುಂಚೆ ಇಬ್ಬರು ಅದೇ ವಿಷಯದ ಪುಸ್ತಕ ತರಲು ಹೊರಟಾಗ, ಡ್ಯೂರರನದು ಹೊರಬರುವ ತನಕ ತರಕೂಡದು ಎಂದು ನಗರಸಭೆ ತಡೆಯಿತು. ಗಂಡ ಊರಿನ ಬೊಕ್ಕಸದಲ್ಲಿ ಬಡ್ಡಿಗೆ ಇಟ್ಟಿದ್ದ 1000 ಗುಲ್ಡನ್ನನ್ನು ಅವಳು ಕಸುಬುದಾರರ ಮನೆಯ ಹುಡುಗರು ವಿಟೆನ್‌ಬರ್ಗಿನಲ್ಲಿ ಓದುವುದಕ್ಕೆ ವಿದ್ಯಾರ್ಥಿವೇತನವಾಗಿ ಕಟ್ಟಿಕೊಟ್ಟಳು. 1539ರಲ್ಲಿ ತೀರಿಕೊಂಡಳು. ನಗರಸಭೆ ಈ ಮನೆಯನ್ನು ಕೊಂಡದ್ದು 1820ರ ದಶಕದಲ್ಲಿ, ಡ್ಯೂರರ್ ಸತ್ತ ಮುನ್ನೂರನೆಯ ವರ್ಷದ ಉತ್ಸವದ ಹೊತ್ತಿಗೆ. ವಸ್ತುಸಂಗ್ರಹಾಲಯ ಮಾಡಿದ್ದು 1871ರಲ್ಲಿ. ಬಾಂಬಿನ ಪೆಟ್ಟು ತಿಂದು, 1949ರ ಹೊತ್ತಿಗೆ ರಿಪೇರಿಯಾಗಿ, ಆಮೇಲೆ ಮತ್ತೆ ಬಾಗಿಲು ತೆರೆಯಿತು.

ಅವತ್ತು ಕೋರ್ಟ್ ಹಾಲ್ ನೋಡುವಷ್ಟು ಹೊತ್ತು ಉಳಿಯಲಿಲ್ಲ. ಅಳಿಯಂದಿರು ಬೇಸರ ಮಾಡಿಕೊಳ್ಳಲಿಲ್ಲ, ಖಡ್ಗಮೃಗದ ಒಂದು ಅಚ್ಚು ಕೊಂಡರು. ಆ ಕಡೆ ಮಕ್ಕಳಿರುವವರು ಯಾರಾದರೂ ಹೋದರೆ ಒಂದು ಮಾತು. ಕಿವಿಗೆ ಹಾಕಿಕೊಂಡು ಕೇಳುವ ಯಂತ್ರವೂ ಅಲ್ಲಿ ಕೊಡುತ್ತಾರೆ, ಅದರಲ್ಲೂ ಆಗ್ನೆಸ್ಸಿನ ದನಿಯೇ ಇದೆ. ಆದರೂ ಆಗ್ನೆಸ್ ಖುದ್ದಾಗಿ ಇಂಗ್ಲಿಷಿನಲ್ಲಿ ಮನೆ ತೋರಿಸುವ ದಿನ ಯಾವುದು, ಹೊತ್ತು ಎಷ್ಟು ಎಂದು ಮೊದಲೇ ಕೇಳಿಕೊಂಡು ಹೋಗಿ. ಅದಕ್ಕೆ ಟಿಕೆಟ್ಟಿನ ಮೇಲೆ ಸ್ವಲ್ಪ ಹೆಚ್ಚು ದುಡ್ಡು ಕೊಡಬೇಕಾಗುತ್ತದೆ; ಕೊಡಿ.